ಕೃಷ್ಣಾ ತೀರದ ಕಬ್ಬಿನ ಸೀಮೆಯಲ್ಲಿ ದೂರಗಾಮಿ ನಿಸ್ತಂತು ಸಂವೇದಕ ಜಾಲ: ಒಂದು ವಿವೇಚನೆ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಬದುಕು ಕೃಷ್ಣಾ ನದಿ ಹಾಗೂ ಅದನ್ನು ಸೇರುವ ದೂಧಗಂಗಾ, ವೇದಗಂಗಾಗಳ ನೀರಿನೊಂದಿಗೆ ಹೆಣೆದುಕೊಂಡಿದೆ. ಹೊಳೆಸಾಲಿನ ಎರೆಭೂಮಿಯಲ್ಲಿ ಕಬ್ಬು, ನಿಪ್ಪಾಣಿಯ ಸುತ್ತ ತಂಬಾಕು, ಅಥಣಿಯ ಪೂರ್ವಕ್ಕೆ ಮಳೆಯನ್ನೇ ನಂಬಿದ ಒಣಭೂಮಿ, ಹೀಗೆ ಐದು ತಾಲ್ಲೂಕುಗಳೊಳಗೆ ಮೂರು ಬಗೆಯ ನೆಲವಿದೆ. ಈ ಸೀಮೆಯ ಒಂದು ವೈಚಿತ್ರ್ಯವನ್ನು ಆರಂಭದಲ್ಲಿಯೇ ಗಮನಿಸಬೇಕು. ಇಲ್ಲಿ ಪ್ರವಾಹ ಬರುವುದಕ್ಕೆ ಇಲ್ಲಿ ಮಳೆಯಾಗಬೇಕಿಲ್ಲ. ಸಹ್ಯಾದ್ರಿಯಲ್ಲಿ ಸುರಿದ ಮಳೆ, ಕೋಯ್ನಾ ಮೊದಲಾದ ಜಲಾಶಯಗಳಿಂದ ಬಿಟ್ಟ ನೀರು, ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡುವ ಪಂಚಗಂಗೆಯ ಹರಿವು, ಇವೆಲ್ಲ ಸೇರಿ ಶಿರೋಳ ತಾಲ್ಲೂಕಿನ ರಾಜಾಪುರ ಬ್ಯಾರೇಜನ್ನು ದಾಟಿ ಕರ್ನಾಟಕಕ್ಕೆ ಬರುತ್ತವೆ. ಅದಕ್ಕೆ ದೂಧಗಂಗೆಯ ನೀರು ಕೂಡಿದರೆ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳದ ಬಳಿ ಹರಿಯುವ ಒಟ್ಟು ಪ್ರಮಾಣ ದೊರೆಯುತ್ತದೆ. 2005, 2019 ಮತ್ತು 2021ರ ಮಹಾಪೂರಗಳಲ್ಲಿ ಹೊಳೆಸಾಲಿನ ಜನ ನೆತ್ತಿಯ ಮೇಲಿನ ಮೋಡಕ್ಕಿಂತ ಹೆಚ್ಚಾಗಿ ಮೇಲ್ದಂಡೆಯ ಸುದ್ದಿಗೆ ಕಿವಿಗೊಟ್ಟು ಕಾಯಬೇಕಾಯಿತು.

ಆ ಸುದ್ದಿ ಎಷ್ಟು ಬೇಗ, ಎಷ್ಟು ನಿಖರವಾಗಿ ಬರುತ್ತದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಭೋಜವಾಡಿ–ಕುನ್ನೂರ, ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ ಮುಂತಾದ ಕೆಳಮಟ್ಟದ ಸೇತುವೆಗಳು ಮಳೆಗಾಲದಲ್ಲಿ ಮತ್ತೆ ಮತ್ತೆ ಮುಳುಗುತ್ತವೆ. ನದಿಯ ದಂಡೆಯಲ್ಲಿ ಇಳಿಸಿದ ಪಂಪ್‌ಸೆಟ್ಟನ್ನು ಎತ್ತಿಕೊಳ್ಳಲು, ದನಕರುಗಳನ್ನು ತೋಟದ ಮನೆಯಿಂದ ಹೊರಡಿಸಲು, ಶಾಲೆಗೆ ಹೋದ ಮಕ್ಕಳು ಹಿಂದಿರುಗುವ ದಾರಿಯನ್ನು ನಿರ್ಧರಿಸಲು ನಾಲ್ಕಾರು ತಾಸುಗಳ ಮುನ್ಸೂಚನೆ ಸಾಕು. ಆದರೆ ಅದು ನಿರ್ದಿಷ್ಟ ಸ್ಥಳಕ್ಕೆ ಸಂಬಂಧಿಸಿದ್ದಾಗಿರಬೇಕು. ಅಲ್ಪ ವಿದ್ಯುತ್ತಿನಲ್ಲಿ ಬಹುದೂರ ಸಂಕೇತ ಕಳುಹಿಸುವ ನಿಸ್ತಂತು ಜಾಲಗಳು ಈ ಕಾರ್ಯಕ್ಕೆ ಎಷ್ಟರ ಮಟ್ಟಿಗೆ ಒದಗುತ್ತವೆ ಮತ್ತು ಈ ನೆಲದಲ್ಲಿ ಅವುಗಳಿಗೆ ಎದುರಾಗುವ ತೊಡಕು ಯಾವುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಈಗಿರುವ ವ್ಯವಸ್ಥೆ

ದೂರಮಾಪನ ಕರ್ನಾಟಕಕ್ಕೆ ಹೊಸದಲ್ಲ. 1988ರಲ್ಲಿ ಬರಗಾಲದ ಮೇಲ್ವಿಚಾರಣೆಗೆಂದು ಆರಂಭವಾದ ಘಟಕವು ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಾದ್ಯಂತ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿತು. ಸೌರಶಕ್ತಿಯಿಂದ ನಡೆಯುವ ಈ ಮಾಪಕಗಳು ಮೊಬೈಲ್ ಜಾಲದ ಮೂಲಕ ಹದಿನೈದು ನಿಮಿಷಗಳಿಗೊಮ್ಮೆ ಬೆಂಗಳೂರಿಗೆ ಮಾಹಿತಿ ಕಳುಹಿಸುವಂತೆ ರೂಪಿತವಾದವು. ಪಂಚಾಯಿತಿ ಮಟ್ಟದ ಇಂತಹ ಜಾಲವು ದೇಶದಲ್ಲಿಯೇ ಗಮನಾರ್ಹವಾದುದು. ಇನ್ನೊಂದೆಡೆ ಕೇಂದ್ರ ಜಲ ಆಯೋಗವು ದೂಧಗಂಗೆಯ ಮೇಲೆ ಸದಲಗಾದಲ್ಲಿ, ಕೃಷ್ಣೆಯ ಮೇಲೆ ಗಡಿಯಾಚೆಯ ಕುರುಂದವಾಡದಲ್ಲಿ ನದಿಮಟ್ಟವನ್ನು ಅಳೆಯುತ್ತದೆ. ಆಯೋಗದ ದೂರಮಾಪನ ಕೇಂದ್ರಗಳು ಮಾಹಿತಿ ರವಾನೆಗೆ ಇನ್ಸಾಟ್ ಉಪಗ್ರಹವನ್ನು ಬಳಸುತ್ತ ಬಂದಿವೆ.

ಇವೆರಡರ ನಡುವೆ ಒಂದು ತೆರವು ಉಳಿದಿದೆ. ಮೇಲೆ ಹೇಳಿದ ಕಾರಣದಿಂದ ಕಾಗವಾಡದ ಮಳೆಮಾಪಕ ಸೊನ್ನೆ ತೋರಿಸುತ್ತಿರುವ ದಿನವೇ ಅಲ್ಲಿನ ಹೊಳೆ ದಂಡೆ ಮೀರಬಹುದು. ನದಿಮಾಪನ ಕೇಂದ್ರಗಳಾದರೋ ಬೆರಳೆಣಿಕೆಯವು. ಅವು ಮುಖ್ಯ ಪ್ರವಾಹವನ್ನು ತಿಳಿಸುತ್ತವೆಯೇ ಹೊರತು ಹಿನ್ನೀರು ಒತ್ತಿ ಬರುವ ಹಳ್ಳವನ್ನಾಗಲಿ ಒಂದೊಂದು ಸೇತುವೆಯನ್ನಾಗಲಿ ತಿಳಿಸಲಾರವು. ಈ ತೆರವನ್ನು ತುಂಬಲು ನೂರಾರು ಅಗ್ಗದ ಮಾಪಕಗಳು ಬೇಕು. ಪ್ರತಿಯೊಂದಕ್ಕೂ ಸಿಮ್ ಕಾರ್ಡು, ಮಾಸಿಕ ಶುಲ್ಕ, ಸೌರಫಲಕ ಒದಗಿಸುವುದು ದುಬಾರಿ. ದೂರಗಾಮಿ ಅಲ್ಪಶಕ್ತಿ ಜಾಲದ ಪ್ರಸ್ತಾಪ ಬರುವುದು ಇಲ್ಲಿಯೇ.

ಲೋರಾ ತಂತ್ರದ ಮೂಲತತ್ತ್ವ

ಈ ಬಗೆಯ ಜಾಲಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವುದು ಲೋರಾ. ಫ್ರಾನ್ಸಿನ ಗ್ರೆನೋಬಲ್ ನಗರದ ಸೈಕ್ಲಿಯೊ ಎಂಬ ಸಣ್ಣ ಸಂಸ್ಥೆಯಲ್ಲಿ ಹುಟ್ಟಿದ ಇದನ್ನು 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಕೊಂಡುಕೊಂಡಿತು. 2015ರಲ್ಲಿ ಲೋರಾ ಅಲಯನ್ಸ್ ರೂಪುಗೊಂಡು, ಲೋರಾವ್ಯಾನ್ ಎಂಬ ಸಂವಹನ ನಿಯಮಾವಳಿಯನ್ನು ಪ್ರಕಟಿಸಿತು. 2021ರ ಡಿಸೆಂಬರಿನಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಅದನ್ನು ಮಾನಕವಾಗಿ ಸ್ವೀಕರಿಸಿತು. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು 2005ರಲ್ಲಿಯೇ ಅಲ್ಪಶಕ್ತಿ ಉಪಕರಣಗಳಿಗಾಗಿ ಪರವಾನಗಿಯಿಂದ ಮುಕ್ತಗೊಳಿಸಲಾಗಿದ್ದು, 2021ರಲ್ಲಿ ಅದನ್ನು 868ರವರೆಗೆ ವಿಸ್ತರಿಸಲಾಯಿತು. ಆದ್ದರಿಂದ ಒಂದು ಗ್ರಾಮ ಪಂಚಾಯಿತಿಯೋ ಸಹಕಾರಿ ಸಕ್ಕರೆ ಕಾರ್ಖಾನೆಯೋ ಮೊಬೈಲ್ ಕಂಪನಿಯ ಹಂಗಿಲ್ಲದೆ ಸ್ವಂತ ಜಾಲ ಕಟ್ಟಿಕೊಳ್ಳಬಹುದು. ಈ ಸ್ವಾತಂತ್ರ್ಯ ಅಲ್ಪವಾದುದಲ್ಲ. ಇದೇ ಉದ್ದೇಶದ ಸಿಗ್‌ಫಾಕ್ಸ್ ಜಾಲವು ಒಂದೇ ಸಂಸ್ಥೆಯನ್ನು ಅವಲಂಬಿಸಿತ್ತು. ಆ ಸಂಸ್ಥೆ 2022ರ ಜನವರಿಯಲ್ಲಿ ದಿವಾಳಿಯ ಕಟ್ಟೆಗೆ ಬಂದು, ಏಪ್ರಿಲ್‌ನಲ್ಲಿ ಪರರ ಕೈಸೇರಿತು.

ಲೋರಾದಲ್ಲಿ ಪ್ರತಿಯೊಂದು ಚಿಹ್ನೆಯೂ ನಿಗದಿತ ಪಟ್ಟಿಯೊಳಗೆ, ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಅಗಲದಲ್ಲಿ, ಕೆಳಗಿನಿಂದ ಮೇಲಕ್ಕೆ ಜಾರುವ ಆವೃತ್ತಿಯ ರೂಪದಲ್ಲಿರುತ್ತದೆ. ಹಾಡುಗಾರ ಷಡ್ಜದಿಂದ ತಾರಷಡ್ಜಕ್ಕೆ ಒಂದೇ ಎಳೆತದಲ್ಲಿ ಏರಿದಂತೆ ಎನ್ನಬಹುದು. ಜಾತ್ರೆಯ ಗದ್ದಲದ ನಡುವೆಯೂ ಪರಿಚಿತವಾದ ಆ ಏರಿಕೆಯನ್ನು ಕಿವಿ ಹಿಡಿಯುವಂತೆ ಗ್ರಾಹಕವು ಹಿನ್ನೆಲೆ ಗದ್ದಲಕ್ಕಿಂತ ಕ್ಷೀಣವಾದ ಸಂಕೇತವನ್ನೂ ಗುರುತಿಸುತ್ತದೆ. ಏರಿಕೆ ನಿಧಾನವಾದಷ್ಟೂ ಗುರುತಿಸುವಿಕೆ ಸುಲಭ. ಈ ನಿಧಾನವನ್ನು ಸೂಚಿಸುವ ‘ಸ್ಪ್ರೆಡಿಂಗ್ ಫ್ಯಾಕ್ಟರ್’, ಎಂದರೆ ಹರವಿನ ಅಂಕ, ಭಾರತದ ಬಳಕೆಯಲ್ಲಿ 7ರಿಂದ 12ರವರೆಗೆ ಇರುತ್ತದೆ. ಅಂಕ 7ರಲ್ಲಿ ಸಂಕೇತವು ಗದ್ದಲಕ್ಕಿಂತ 7.5 ಡೆಸಿಬೆಲ್ ಕೆಳಗಿದ್ದರೂ ಸಾಕು. ಅಂಕ 12ರಲ್ಲಿ 20 ಡೆಸಿಬೆಲ್ ಕೆಳಗೆ, ಅಂದರೆ ಗದ್ದಲದ ನೂರರಲ್ಲಿ ಒಂದು ಪಾಲಿನಷ್ಟಿದ್ದರೂ ಸಾಕು. ಲಾಭ 12.5 ಡೆಸಿಬೆಲ್. ಅದಕ್ಕೆ ತೆರುವ ಬೆಲೆ ಕಾಲ. ಹತ್ತು ಬೈಟ್‌ಗಳ ಒಂದು ಸಂದೇಶ ಅಂಕ 7ರಲ್ಲಿ ಸುಮಾರು 62 ಮಿಲಿಸೆಕೆಂಡು ಗಾಳಿಯಲ್ಲಿದ್ದರೆ ಅಂಕ 12ರಲ್ಲಿ ಸುಮಾರು 1,480 ಮಿಲಿಸೆಕೆಂಡು ಇರುತ್ತದೆ, ಅಂದರೆ ಇಪ್ಪತ್ತನಾಲ್ಕು ಪಟ್ಟು. ಮುಂದಿನ ವಿವೇಚನೆಯೆಲ್ಲ ಈ ಎರಡು ಸಂಖ್ಯೆಗಳ ಮೇಲೆ ನಿಂತಿದೆ.

ಕಬ್ಬು ಎಂಬ ಅಡ್ಡಗೋಡೆ

25 ಮಿಲಿವ್ಯಾಟ್‌ನ ಪ್ರೇಷಕದಿಂದ ಅತಿಸೂಕ್ಷ್ಮ ಗ್ರಾಹಕದವರೆಗೆ ಸುಮಾರು 151 ಡೆಸಿಬೆಲ್ ನಷ್ಟವನ್ನು ಲೋರಾ ತಾಳಬಲ್ಲದು. ಅಡೆತಡೆಯಿಲ್ಲದ ಆಕಾಶದಲ್ಲಿ 10 ಕಿಲೋಮೀಟರು ಸಾಗಲು ತಗಲುವ ನಷ್ಟ 111 ಡೆಸಿಬೆಲ್ ಮಾತ್ರ. ಮಿಕ್ಕ 40 ಡೆಸಿಬೆಲ್ ಕೈಯಲ್ಲಿ ಉಳಿಯಿತೆಂದು ಲೆಕ್ಕ ಹಾಕಿಯೇ ತಯಾರಕರ ಕರಪತ್ರಗಳು ಹತ್ತು, ಹದಿನೈದು ಕಿಲೋಮೀಟರುಗಳ ಮಾತನಾಡುತ್ತವೆ. ಅಥಣಿಯ ಪೂರ್ವದ ಬಯಲಿನಲ್ಲಿ ಈ ಮಾತು ಹೆಚ್ಚುಕಡಿಮೆ ನಿಜವಾದೀತು. ಹೊಳೆಸಾಲಿನಲ್ಲಿ ಆಗದು.

ರೇಡಿಯೋ ಅಲೆಯು ದಾರದಂತೆ ತೆಳುವಾಗಿ ಸಾಗುವುದಿಲ್ಲ. ಎರಡು ತುದಿಗಳ ನಡುವೆ ಅಂಡಾಕಾರದ ಒಂದು ವಲಯವನ್ನು ಆಕ್ರಮಿಸುತ್ತದೆ. 866 ಮೆಗಾಹರ್ಟ್ಸ್‌ನಲ್ಲಿ 5 ಕಿಲೋಮೀಟರ್ ದೂರಕ್ಕೆ ಈ ವಲಯದ ಮಧ್ಯಭಾಗದ ತ್ರಿಜ್ಯ ಸುಮಾರು 20 ಮೀಟರು. ಅದರಲ್ಲಿ ಶೇಕಡ 60ರಷ್ಟಾದರೂ ತೆರವಾಗಿರಬೇಕೆಂಬುದು ರೂಢಿಯ ನಿಯಮ. 20 ಮೀಟರ್ ಎತ್ತರದ ನೀರಿನ ಟ್ಯಾಂಕಿನ ಮೇಲೆ ಗೇಟ್‌ವೇ ಇರಿಸಿ, ಹೊಲದಲ್ಲಿ ಒಂದೂವರೆ ಮೀಟರ್ ಎತ್ತರದ ಗೂಟಕ್ಕೆ ಸಂವೇದಕ ಕಟ್ಟಿದರೆ, ಮಧ್ಯದಲ್ಲಿ ರೇಖೆಯ ಎತ್ತರ 11 ಮೀಟರಿಗೂ ಕಡಿಮೆ. ಮೂರು ಮೀಟರ್ ಬೆಳೆದ ಕಬ್ಬನ್ನು ಕಳೆದರೆ ಉಳಿಯುವುದು ಎಂಟು ಮೀಟರಿಗಿಂತ ಕಡಿಮೆ, ಬೇಕಾದುದು ಹನ್ನೆರಡೂವರೆ.

ಇದಕ್ಕಿಂತಲೂ ಕಠಿಣವಾದದ್ದು ಕೊನೆಯ ಕೆಲವು ಗಜಗಳ ದಾರಿ. ಸಂವೇದಕವೇ ಕಬ್ಬಿನ ಒಳಗಿರುವುದರಿಂದ ಅಲೆಯು ಬೆಳೆಯನ್ನು ಸೀಳಿಕೊಂಡೇ ಹೊರಬರಬೇಕು. ಅದೇ ಟ್ಯಾಂಕು 1 ಕಿಲೋಮೀಟರ್ ದೂರದಲ್ಲಿದ್ದರೆ ಅಲೆಯು ಕಬ್ಬಿನೊಳಗೆ ಸುಮಾರು 80 ಮೀಟರು ಸಾಗುತ್ತದೆ. 3 ಕಿಲೋಮೀಟರ್ ದೂರದಲ್ಲಿದ್ದರೆ ಸುಮಾರು 240 ಮೀಟರು. ಮರಗಳ ಮೂಲಕ ಸಾಗುವ ಅಲೆಯ ಕ್ಷಯಕ್ಕೆ ವೈಸ್‌ಬರ್ಗರ್ 1982ರಲ್ಲಿ ಕೊಟ್ಟ ಸೂತ್ರವನ್ನು ಅನ್ವಯಿಸಿದರೆ ನಷ್ಟವು ಕ್ರಮವಾಗಿ 17 ಮತ್ತು 32 ಡೆಸಿಬೆಲ್ ಆಗುತ್ತದೆ. ಆ ಸೂತ್ರ ಕಬ್ಬಿಗಾಗಿ ರಚಿತವಾದುದಲ್ಲ. ಅಲೆಯ ಒಂದಂಶ ಬೆಳೆಯ ನೆತ್ತಿಯ ಮೇಲಿಂದ ಬಾಗಿಯೂ ಬರುತ್ತದೆ. ಇನ್ನೊಂದೆಡೆ ಮಳೆಯಲ್ಲಿ ತೋಯ್ದ ಎಲೆ ಒಣ ಎಲೆಗಿಂತ ಹೆಚ್ಚು ಹೀರುತ್ತದೆ. ಅಂತೂ ಪರಿಮಾಣದ ಅಂದಾಜು ಸಿಗುತ್ತದೆ, ಮತ್ತು ಅದು ಯೋಚನೆಗೆ ಹಚ್ಚುವಂತಿದೆ: ಹರವಿನ ಅಂಕವನ್ನು 7ರಿಂದ 12ಕ್ಕೆ ಏರಿಸಿ, ಇಪ್ಪತ್ತನಾಲ್ಕು ಪಟ್ಟು ಕಾಲ ತೆತ್ತು ಗಳಿಸಿದ 12.5 ಡೆಸಿಬೆಲ್ಲನ್ನು ಎಂಬತ್ತು ಮೀಟರ್ ಕಬ್ಬು ಒಂದೇ ತುತ್ತಿಗೆ ನುಂಗುತ್ತದೆ.

ಈಗ ಬೆಳೆಯ ಪಂಚಾಂಗವನ್ನು ನೋಡಬೇಕು. ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮು ಅಕ್ಟೋಬರ್–ನವೆಂಬರ್‌ನಿಂದ ಮಾರ್ಚ್–ಏಪ್ರಿಲ್‌ವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಲಗಳು ಬಹುಪಾಲು ಬೋಳು, ಇಲ್ಲವೆ ಮೊಣಕಾಲೆತ್ತರದ ಕುಳೆ. ರಸ್ತೆ ಒಣಗಿರುತ್ತದೆ, ಓಡಾಟ ಸುಲಭ. ಸಹಜವಾಗಿಯೇ ಸಂಶೋಧಕರು ಪರೀಕ್ಷೆ ನಡೆಸಲು ಆರಿಸಿಕೊಳ್ಳುವ ಕಾಲವಿದು. ಆಗಸ್ಟ್ ಹೊತ್ತಿಗೆ ಹಿಂದಿನ ಚಳಿಗಾಲದಲ್ಲಿ ನಾಟಿ ಮಾಡಿದ ಕಬ್ಬು ಆಳೆತ್ತರ ಮೀರಿ ಸಾಲುಗಳು ಕೂಡಿಕೊಂಡಿರುತ್ತವೆ. ಹಿಂದಿನ ವರ್ಷದ ಅಡಸಾಲಿಯಂತೂ ಇನ್ನೂ ಎತ್ತರ. ಹೊಳೆ ಏರುವುದೂ ಆಗಲೇ. ಹೀಗೆ ಜಾಲವು ಅತ್ಯಂತ ಚೆನ್ನಾಗಿ ಕೇಳಿಸುವ ತಿಂಗಳು ಹಾಗೂ ಅದು ಅತ್ಯಂತ ಅಗತ್ಯವಾದ ತಿಂಗಳು ಪರಸ್ಪರ ವಿರುದ್ಧ ತುದಿಗಳಲ್ಲಿವೆ. ಮೇ ತಿಂಗಳ ಅಳತೆಯಿಂದ ವ್ಯಾಪ್ತಿಯ ನಕ್ಷೆ ಬರೆದವರು ಬೇರೊಂದು ಊರಿನ ನಕ್ಷೆಯನ್ನೇ ಬರೆದಂತೆ.

ಮೌನದ ಅರ್ಥ

ಬೆಳೆಯ ಎತ್ತರದ ಪರಿಣಾಮ ವ್ಯಾಪ್ತಿಯೊಂದಕ್ಕೇ ಸೀಮಿತವಲ್ಲ. ಸಂಪರ್ಕ ಕ್ಷೀಣಿಸಿದಾಗ ಲೋರಾವ್ಯಾನ್ ನಿಯಮದಂತೆ ಉಪಕರಣವು ತಾನಾಗಿಯೇ ಹೆಚ್ಚಿನ ಅಂಕಕ್ಕೆ ಸರಿಯುತ್ತದೆ. ಕಳುಹಿಸುವಾಗ 40 ಮಿಲಿಆಂಪಿಯರ್, ನಿದ್ರಿಸುವಾಗ 5 ಮೈಕ್ರೋಆಂಪಿಯರ್ ಎಂದಿಟ್ಟುಕೊಂಡು ಹದಿನೈದು ನಿಮಿಷಗಳಿಗೊಂದು ಸಂದೇಶದ ಲೆಕ್ಕ ಹಾಕಿದರೆ, ಅಂಕ 12ರಲ್ಲಿ ದಿನಕ್ಕೆ ಸುಮಾರು 1.7 ಮಿಲಿಆಂಪಿಯರ್-ಗಂಟೆ ವ್ಯಯವಾಗುತ್ತದೆ. 2,400 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ನಾಲ್ಕು ವರ್ಷ ಪೂರೈಸದು. ಅಂಕ 7ರಲ್ಲಿ ವ್ಯಯ ಅದರ ಒಂಬತ್ತನೆಯ ಒಂದಂಶ. ಬ್ಯಾಟರಿ ತನ್ನ ಸಹಜ ಸವೆತದಿಂದಲೇ ಮುಗಿಯಬೇಕು. (ರೇಡಿಯೋಕ್ಕಿಂತ ನೀರಿನ ಮಟ್ಟ ಅಳೆಯುವ ಶಬ್ದಾತೀತ ಅಥವಾ ರಾಡಾರ್ ಸಂವೇದಕವೇ ಹೆಚ್ಚು ವಿದ್ಯುತ್ ಬೇಡುತ್ತದೆ ಎಂಬ ಸಂಗತಿಯನ್ನು ಬ್ಯಾಟರಿಯ ಆಯುಷ್ಯದ ಜಾಹೀರಾತುಗಳು ಸಾಮಾನ್ಯವಾಗಿ ಮರೆಯುತ್ತವೆ.)

ಇನ್ನೂ ಗಂಭೀರವಾದುದು ಸಂದೇಶಗಳ ಡಿಕ್ಕಿ. ಲೋರಾವ್ಯಾನ್‌ನಲ್ಲಿ ಸರದಿ ಎಂಬುದಿಲ್ಲ. ಪ್ರತಿಯೊಂದು ಉಪಕರಣವೂ ತನಗೆ ತೋಚಿದಾಗ ನುಡಿಯುತ್ತದೆ, ಎರಡು ಒಮ್ಮೆಗೇ ನುಡಿದರೆ ಬಹುತೇಕ ಎರಡೂ ಹಾಳು. ಭಾರತದ ಮೂರು ಮೂಲ ವಾಹಿನಿಗಳಲ್ಲಿ ಅಂಕ 12ರ ನೂರು ಸಂವೇದಕಗಳು ಹದಿನೈದು ನಿಮಿಷಗಳಿಗೊಮ್ಮೆ ನುಡಿದರೆ ನೂರರಲ್ಲಿ ಹತ್ತು ಸಂದೇಶ ನಷ್ಟವಾಗುತ್ತವೆ, ತಾಳಿಕೊಳ್ಳಬಹುದು. ಹೊಳೆ ಏರುತ್ತಿದೆಯೆಂದು ಅವೇ ಸಂವೇದಕಗಳು ನಿಮಿಷಕ್ಕೊಮ್ಮೆ ನುಡಿಯತೊಡಗಿದರೆ, ಅದೇ ಸರಳ ಗಣಿತದಂತೆ, ನೂರರಲ್ಲಿ ಎಂಬತ್ತು ನಷ್ಟವಾಗುತ್ತವೆ. ಅಪಾಯದ ಹೊತ್ತಿನಲ್ಲಿ ಹೆಚ್ಚು ನುಡಿಯುವಂತೆ ಮಾಡಿದ ಏರ್ಪಾಡೇ ಜಾಲವನ್ನು ಮುಳುಗಿಸುತ್ತದೆ. ಗೇಟ್‌ವೇಯ ಎಂಟು ವಾಹಿನಿಗಳನ್ನೂ ಬಳಸಿದರೆ ಸ್ಥಿತಿ ಸುಧಾರಿಸುವುದು ನಿಜ. ಆದರೆ ಅಂಕ 7ರಲ್ಲಾದರೆ ಆ ಮೂರೇ ವಾಹಿನಿಗಳಲ್ಲಿ, ನಿಮಿಷಕ್ಕೊಮ್ಮೆ ನುಡಿದರೂ, ತೊಂಬತ್ತಕ್ಕಿಂತ ಹೆಚ್ಚು ಸಂದೇಶಗಳು ಸುರಕ್ಷಿತವಾಗಿ ತಲುಪುತ್ತವೆ.

ಆದಕಾರಣ ಈ ಸೀಮೆಯಲ್ಲಿ ಮಾಡಬೇಕಾದ ಮೊದಲ ಕೆಲಸ ತೀರ ಸಾಮಾನ್ಯವಾದುದು: ಆಂಟೆನಾವನ್ನು ಕಬ್ಬಿನ ನೆತ್ತಿಯಿಂದ ಮೇಲೆತ್ತುವುದು. ಐದು ಮೀಟರಿನ ಕೊಳವೆಯ ಕಂಬವೊಂದು ಕೊಡುವ ಲಾಭವನ್ನು ಯಾವ ಅಂಕದ ಏರಿಕೆಯೂ ಕೊಡಲಾರದು. ಮಣ್ಣಿನೊಳಗಿನ ಸಂವೇದಕಕ್ಕೂ ಕಂಬದ ತುದಿಗೂ ನಡುವಿನ ತಂತಿಯನ್ನು ಇಲಿ ಕಡಿಯದಂತೆ, ಕಟಾವಿನ ನಂತರ ರವದಿ ಸುಡುವ ಬೆಂಕಿ ತಾಗದಂತೆ ಕಾಪಾಡಬೇಕು. ಆದ್ದರಿಂದ ಕಂಬಕ್ಕೆ ಬದುವೇ ತಕ್ಕ ಜಾಗ.

ನದಿಯ ಮಾಪಕಗಳದು ಬೇರೆ ಸಮಸ್ಯೆ. ಕೆಳಮಟ್ಟದ ಸೇತುವೆಯ ಅಡಿಗೆ ಕಟ್ಟಿದ ಮಾಪಕ ಪ್ರವಾಹದಲ್ಲಿ ತಾನೇ ಮುಳುಗುತ್ತದೆ, ಮತ್ತು ಈ ಆವೃತ್ತಿಯ ಅಲೆ ನೀರಿನೊಳಗಿಂದ ಹೊರಬರಲಾರದು. ಮಾಪಕ ಸುಮ್ಮನಾದರೆ ಸೇತುವೆ ಮುಳುಗಿತೆಂದು ಭಾವಿಸೋಣವೆಂಬ ಸಲಹೆ ಕೇಳಿಬರುವುದುಂಟು. ಇದು ಅಪಾಯಕರ. ಬ್ಯಾಟರಿ ತೀರಿದರೂ ಮೌನ, ಡಿಕ್ಕಿಯಾದರೂ ಮೌನ, ಗೇಟ್‌ವೇಯ ವಿದ್ಯುತ್ ಹೋದರೂ ಮೌನ. ಎರಡು ಸಲ ಸುಳ್ಳು ಎಚ್ಚರಿಕೆ ಬಂದರೆ ಮೂರನೆಯದನ್ನು ಹಳ್ಳಿಯವರು ನಂಬುವುದಿಲ್ಲ, ನಂಬಬೇಕೆಂದು ಅವರಿಗೆ ಹೇಳುವುದೂ ನ್ಯಾಯವಲ್ಲ. ಒತ್ತಡವನ್ನು ಅಳೆಯುವ ಸಂವೇದಕವನ್ನು ನೀರಿನಲ್ಲಿಟ್ಟು, ರೇಡಿಯೋವನ್ನು ಗರಿಷ್ಠ ಪ್ರವಾಹಮಟ್ಟಕ್ಕಿಂತ ಎತ್ತರದ ದಡದ ಕಂಬದಲ್ಲಿಡುವುದು ಖರ್ಚಿನದಾದರೂ ಸರಿಯಾದ ದಾರಿ.

ಗೇಟ್‌ವೇ ಎಲ್ಲಿ?

ನೂರು ಸಂವೇದಕಗಳು ವರ್ಷಗಟ್ಟಲೆ ಬ್ಯಾಟರಿಯಲ್ಲಿ ಬಾಳಬಹುದು. ಅವುಗಳ ಮಾತು ಕೇಳುವ ಗೇಟ್‌ವೇಗೆ ಮಾತ್ರ ಹಗಲಿರುಳು ವಿದ್ಯುತ್ತೂ ಹೊರಜಗತ್ತಿನ ಸಂಪರ್ಕವೂ ಬೇಕು. ಎತ್ತರದ ಕಟ್ಟಡವೆಂದಾಗ ಈ ಸೀಮೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಕ್ಕರೆ ಕಾರ್ಖಾನೆಯ ಚಿಮಣಿ. ಉಗಾರದ ಕಾರ್ಖಾನೆ, ಚಿಕ್ಕೋಡಿಯ ದೂಧಗಂಗಾ–ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಸಹಕಾರಿ ಕಾರ್ಖಾನೆ, ಇವು ಕಬ್ಬಿನ ಪ್ರದೇಶದ ನಡುವೆಯೇ ಇವೆ. ಸಿಪ್ಪೆಯಿಂದ ವಿದ್ಯುತ್ ಉತ್ಪಾದಿಸುವ ಕಾರ್ಖಾನೆಗೆ ನುರಿಸುವ ಹಂಗಾಮಿನಲ್ಲಿ ಹೊರಗಿನ ವಿದ್ಯುತ್ತಿನ ಹಂಗಿಲ್ಲ. ಆದರೆ ಜುಲೈ, ಆಗಸ್ಟ್ ತಿಂಗಳಲ್ಲಿ ಬಾಯ್ಲರ್ ತಣ್ಣಗಿರುತ್ತದೆ, ಕಾರ್ಖಾನೆಯೂ ಹೆಸ್ಕಾಂ ತಂತಿಯನ್ನೇ ನೆಚ್ಚಿರುತ್ತದೆ. ಪರಿವರ್ತಕಗಳು ಮುಳುಗಿದರೆ ಆ ತಂತಿಯೂ ನಿಶ್ಚೇಷ್ಟಿತ. ಚಿಮಣಿಯ ಎತ್ತರ ಬಳಸಿಕೊಳ್ಳಬಹುದು, ಅದರ ವಿದ್ಯುತ್ತನ್ನು ನಂಬಬಾರದು. ಐದು ವ್ಯಾಟ್ ಬಳಸುವ ಗೇಟ್‌ವೇಗೆ ದಿನಕ್ಕೆ 120 ವ್ಯಾಟ್-ಗಂಟೆ ಬೇಕು. ಬಿಸಿಲೇ ಕಾಣದ ಐದು ದಿನಗಳನ್ನು ದಾಟಿಸಲು 12 ವೋಲ್ಟಿನ 100 ಆಂಪಿಯರ್-ಗಂಟೆಯ ಬ್ಯಾಟರಿ, ಅರ್ಧದಷ್ಟು ಮಾತ್ರ ಖಾಲಿಮಾಡುವ ನಿಯಮದಂತೆ, ಸಾಲುತ್ತದೆ. ಟ್ರ್ಯಾಕ್ಟರಿನ ಬ್ಯಾಟರಿಯ ಗಾತ್ರದ ವಸ್ತುವಿದು. ಐದೂ ತಾಲ್ಲೂಕುಗಳಲ್ಲಿ ದೊರೆಯುತ್ತದೆ.

ಹೊರಸಂಪರ್ಕದ ವಿಷಯದಲ್ಲಿ ಎರಡು ಕಂಪನಿಗಳ ಸಿಮ್ ಹಾಕಿದೊಡನೆ ನಿಶ್ಚಿಂತೆ ಎಂದುಕೊಳ್ಳಲಾಗದು; ಎರಡೂ ಗೋಪುರಗಳಿಗೆ ಒಂದೇ ವಿದ್ಯುತ್ ಮಾರ್ಗ ಇರಬಹುದು. ಲೇಖಕನ ಅಭಿಪ್ರಾಯದಲ್ಲಿ ಹೆಚ್ಚು ಉಪಯುಕ್ತವಾದ ಏರ್ಪಾಡು ಜಾಲದ ನಿರ್ವಹಣಾ ತಂತ್ರಾಂಶವನ್ನು ಗೇಟ್‌ವೇಯಲ್ಲಿಯೇ ಇರಿಸುವುದು. ಆಗ ಇಂಟರ್‌ನೆಟ್ ಕಡಿದಾಗಲೂ ಯಡೂರಿನ ದಡದ ಮಾಪಕ ಹೇಳಿದ್ದನ್ನು ಪಂಚಾಯಿತಿ ಕಚೇರಿಯ ಸೈರನ್ ನೇರವಾಗಿ ಕೇಳಬಲ್ಲದು. ಮಾಹಿತಿ ಬೆಂಗಳೂರಿಗೆ ಹೋಗಿ ಮರಳಬೇಕೆಂಬ ಕ್ರಮ ಬರಗಾಲಕ್ಕೆ ಹೊಂದುತ್ತದೆ, ಏಕೆಂದರೆ ಬರ ವಾರಗಳ ಲೆಕ್ಕದಲ್ಲಿ ಬರುತ್ತದೆ.

ಎಲ್ಲ ಬಳಕೆಗೂ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ಅತಿ ನೀರಾವರಿಯಿಂದ ಹೊಳೆಸಾಲಿನ ಹೊಲಗಳು ಸವಳು–ಜವಳಾಗುತ್ತಿರುವುದು ಈ ತಾಲ್ಲೂಕುಗಳ ಹಳೆಯ ಸಂಕಟ. ಅಂತರ್ಜಲದ ಮಟ್ಟ, ಮಣ್ಣಿನ ಲವಣಾಂಶ ನಿಧಾನವಾಗಿ ಬದಲಾಗುವುದರಿಂದ ದಿನಕ್ಕೊಂದು ಸಂದೇಶ ಸಾಕು. ಅಂಕ 12 ಇದ್ದರೂ ಬಾಧಕವಿಲ್ಲ, ಒಂದು ದಿನ ತಪ್ಪಿದರೂ ಚಿಂತೆಯಿಲ್ಲ. ಅಥಣಿಯ ಪೂರ್ವದ ಗ್ರಾಮಗಳಲ್ಲಿ ಕುಡಿಯುವ ನೀರಿನ ಟ್ಯಾಂಕು, ಕೊಳವೆಬಾವಿಗಳ ಉಸ್ತುವಾರಿಗೆ ಒಂದೇ ಗೇಟ್‌ವೇ ಹಲವು ಊರುಗಳನ್ನು ಆವರಿಸಬಹುದು. ಒಂದೇ ಜಾಲದಲ್ಲಿ ಇವನ್ನೂ ಪ್ರವಾಹ ಮಾಪಕಗಳನ್ನೂ ಬೆರೆಸುವಾಗ ನಿಧಾನದ ಸಂದೇಶಗಳಿಗೆ ಪ್ರತ್ಯೇಕ ವಾಹಿನಿ ಮೀಸಲಿಡುವುದು ಲೇಸು.

ಗಡಿಯ ವಿಷಯ ಉಳಿಯಿತು. ಶಿರೋಳದ ದಡದಲ್ಲಿನ ಸಂವೇದಕದ ಧ್ವನಿ ಕಾಗವಾಡದ ಎತ್ತರದ ಗೇಟ್‌ವೇಗೆ ಕೇಳಿಸಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ. ಆವೃತ್ತಿಪಟ್ಟಿ ಕೇಂದ್ರದ್ದಾದ್ದರಿಂದ ಎರಡೂ ರಾಜ್ಯಗಳಿಗೆ ಒಂದೇ ನಿಯಮ. ಆದರೆ ಲೋರಾವ್ಯಾನ್ ಸಂದೇಶಗಳು ಗೂಢಲಿಪಿಯಲ್ಲಿರುತ್ತವೆ, ಕೀಲಿ ಹಂಚಿಕೊಳ್ಳದವರಿಗೆ ಕೇಳಿಸಿದರೂ ಅರ್ಥವಾಗವು. ಮೇಲ್ದಂಡೆಯ ಐದಾರು ಮಾಪಕಗಳ ಕೀಲಿಯನ್ನು ಕೆಳದಂಡೆಯ ತಾಲ್ಲೂಕು ಕಚೇರಿಗೆ ಕೊಡುವುದಕ್ಕೆ ಎರಡು ಜಿಲ್ಲಾಡಳಿತಗಳ ನಡುವೆ ಒಂದು ಪುಟದ ಪತ್ರ ಸಾಕು. ಅದು ಮಳೆಗಾಲಕ್ಕೆ ಮೊದಲೇ ಆಗಬೇಕು; ಜಾಲದ ಪರೀಕ್ಷೆಯನ್ನಾದರೋ ಆಗಸ್ಟಿನ ಕೊನೆಗೆ, ಅಡಸಾಲಿ ಕಬ್ಬು ನಿಂತಿರುವಾಗ, ಮಳೆ ಹೊಯ್ಯುವ ದಿನವೇ ನಡೆಸಬೇಕು.